ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಅಂಕವನ್ನೂ ಬಿಟ್ಟುಕೊಡದ 1901ರ ಮಿಶಿಗನ್ ತಂಡ

ಕಳೆದ ಸಂಚಿಕೆಯಲ್ಲಿ ಹೊನ್ನಾವರದ ಓದುಗರೊಬ್ಬರು, ಇಡೀ ಋತುವಿನಲ್ಲಿ ಎದುರಾಳಿಗೆ ಒಂದೇ ಒಂದು ಅಂಕವನ್ನೂ ಕೊಡದೆ ಗೆದ್ದ ತಂಡ ಯಾವುದಾದರೂ ಉಂಟೇ ಎಂದು ಕೇಳಿದ್ದರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವು 1901ರ ಋತುವಿನಲ್ಲಿ 11 ಪಂದ್ಯಗಳನ್ನಾಡಿ, ಹನ್ನೊಂದನ್ನೂ ಗೆದ್ದು, ಒಟ್ಟು 550 ಅಂಕ ಗಳಿಸಿ, ಎದುರಾಳಿಗಳ ಪಾಲಿಗೆ ಬರೀ ಸೊನ್ನೆ ಉಳಿಸಿತ್ತೆಂದು ಎರಡು ಸಾಲಿನಲ್ಲಿ ಉತ್ತರಿಸಿದ್ದೆ. ಆ ಎರಡು ಸಾಲಿಗೆ ಜಿಲ್ಲೆಯ ನಾನಾ ಕಡೆಗಳಿಂದ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಕೆಲವರು ಅಚ್ಚರಿಪಟ್ಟಿದ್ದಾರೆ, ಕೆಲವರು ಅನುಮಾನಪಟ್ಟಿದ್ದಾರೆ. ಅನುಮಾನಪಟ್ಟವರ ಪ್ರಶ್ನೆಗಳೇ ಹೆಚ್ಚು ಮೊನಚಾಗಿರುವುದರಿಂದ ಅವರಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: 550ಕ್ಕೆ ಸೊನ್ನೆ ಎಂಬ ಲೆಕ್ಕವನ್ನು ನಂಬುವುದು ಕಷ್ಟ. ಅವರು ಯಾರ ಯಾರ ವಿರುದ್ಧ ಆಡಿದ್ದರು? ದುರ್ಬಲರನ್ನೇ ಹುಡುಕಿ ಆಡಿದರೆ ಇಂಥ ದಾಖಲೆ ಯಾರಿಗಾದರೂ ಸಾಧ್ಯವಲ್ಲವೇ?
– ದೈಹಿಕ ಶಿಕ್ಷಣ ಉಪನ್ಯಾಸಕರು, ಕಾರವಾರ

ಉತ್ತರ: ಲೆಕ್ಕ ಸರಿಯಾಗಿದೆ, ತಾವೇ ಕೂಡಿಸಿ ನೋಡಬಹುದು. ಸೆಪ್ಟೆಂಬರ್ 28ರಂದು ಆಲ್ಬಿಯನ್ ಕಾಲೇಜಿನ ಮೇಲೆ 50, ನಂತರದ ವಾರ ಕೇಸ್ ತಂಡದ ಮೇಲೆ 57, ಇಂಡಿಯಾನಾದ ಮೇಲೆ 33, ನಾರ್ತ್‌ವೆಸ್ಟರ್ನ್ ಮೇಲೆ 29, ಅಕ್ಟೋಬರ್ 26ರಂದು ಬಫಲೋ ಮೇಲೆ 128. ನವೆಂಬರ್ ತಿಂಗಳಲ್ಲಿ ಕಾರ್ಲೈಲ್ ಮೇಲೆ 22, ಓಹಾಯೊ ಸ್ಟೇಟ್ ಮೇಲೆ 21, ಚಿಕಾಗೋ ಮೇಲೆ 22, ಬೆಲಾಯ್ಟ್ ಮೇಲೆ 89, ಅಯೋವಾ ಮೇಲೆ 50. ಕೊನೆಯದಾಗಿ 1902ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಸ್ಟ್ಯಾನ್‌ಫರ್ಡ್ ಮೇಲೆ 49. ಪತ್ರಿಕೆಗಳವರು ಈ ತಂಡಕ್ಕೆ ‘ನಿಮಿಷಕ್ಕೊಂದು ಅಂಕ’ದ ತಂಡವೆಂಬ ಬಿರುದು ಕೊಟ್ಟರು. ಸರಾಸರಿ ಪಂದ್ಯಕ್ಕೆ 50 ಅಂಕ ಬೀಳುತ್ತದೆ. ಆಗಿನ ನಿಯಮದಂತೆ ಪೂರ್ಣ ಪಂದ್ಯ 35 ನಿಮಿಷಗಳ ಎರಡು ಅವಧಿಗಳದಾಗಿದ್ದರಿಂದ ಬಿರುದು ಅಕ್ಷರಶಃ ನಿಜವಲ್ಲ. ಆದರೆ ಎರಡೂ ಕಡೆಯ ಒಪ್ಪಿಗೆಯಿಂದ ಅವಧಿಯನ್ನು ಕಡಿಮೆ ಮಾಡಿಕೊಳ್ಳುವ ಪದ್ಧತಿ ಇದ್ದ ಕಾಲವಾದ್ದರಿಂದ ಅದು ತೀರಾ ಉತ್ಪ್ರೇಕ್ಷೆಯೂ ಅಲ್ಲ.

ದುರ್ಬಲರನ್ನು ಹುಡುಕಿ ಆಡಿದರೇ ಎಂಬ ಪ್ರಶ್ನೆಗೆ ಉತ್ತರ ಆ ಪಟ್ಟಿಯೊಳಗೇ ಇದೆ. ಆಲ್ಬಿಯನ್, ಬೆಲಾಯ್ಟ್‌ಗಳು ಕೆಲವೇ ನೂರು ವಿದ್ಯಾರ್ಥಿಗಳ ಚಿಕ್ಕ ಕಾಲೇಜುಗಳು, ಮಿಶಿಗನ್ನಿನಲ್ಲಾದರೋ ಆಗಲೇ ಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಹಾಗಾಗಿ ಅವರ ಮೇಲಿನ 50, 89 ಎಂಬ ಅಂಕಿಗಳು ಮಿಶಿಗನ್ನಿನ ಬಲಕ್ಕಿಂತ ಹೆಚ್ಚಾಗಿ ಆ ಪಂದ್ಯಗಳ ಅಸಮತೋಲವನ್ನು ಹೇಳುತ್ತವೆ. ಆ ಋತುವಿನ ನಿಜವಾದ ಸಾಧನೆ ನವೆಂಬರ್ ಮೊದಲ ಮೂರು ಶನಿವಾರಗಳ 22, 21, 22ರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕಾರ್ಲೈಲ್‌ಗೆ ಪಾಪ್ ವಾರ್ನರ್, ಚಿಕಾಗೋಗೆ ಅಮೋಸ್ ಅಲೊಂಜೊ ಸ್ಟ್ಯಾಗ್ ತರಬೇತುದಾರರು. ಇಬ್ಬರೂ ಆ ಆಟದ ಇತಿಹಾಸದಲ್ಲಿ ಮೊದಲ ಸಾಲಿನ ಹೆಸರುಗಳು. ಅಂಥವರು ಕಟ್ಟಿದ ತಂಡಗಳೂ ಸೇರಿದಂತೆ ಸತತ ಮೂರು ವಾರ ಯಾರಿಗೂ ಗೆರೆ ದಾಟಲು ಬಿಡದೆ ನಿಂತದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದಲ್ಲಿ ಆಟದ ದೊಡ್ಡ ಮನೆತನಗಳು ಪೂರ್ವ ತೀರದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು. ಮಿಶಿಗನ್ ಇವರಲ್ಲಿ ಯಾರ ಎದುರೂ ಆ ವರ್ಷ ಆಡಲಿಲ್ಲ. ಅದೇ ಋತುವಿನಲ್ಲಿ ಹಾರ್ವರ್ಡ್ ತನ್ನ 12 ಪಂದ್ಯಗಳನ್ನೂ ಗೆದ್ದಿತ್ತು. ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಅಧಿಕೃತ ಪಂದ್ಯವೇ ಇರಲಿಲ್ಲ. ಮಿಶಿಗನ್ನಿಗೆ ಆ ಪಟ್ಟ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಹಳೆಯ ದಾಖಲೆಗಳನ್ನು ಕೆದಕಿ ಲೆಕ್ಕ ಹಾಕಿದವರಿಂದ. ಹಾರ್ವರ್ಡ್ ಮತ್ತು ಮಿಶಿಗನ್ ಎದುರುಬದುರಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವ ಚಪಲ ನನಗೂ ಇದೆ, ಆದರೆ ಈ ಅಂಕಣ ಅದಕ್ಕಲ್ಲ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಕಂಡವರು ಕಡಿಮೆ. ಅಮೆರಿಕನ್ ಫುಟ್‌ಬಾಲನ್ನು ಟಿವಿಯಲ್ಲಿ ಒಮ್ಮೆ ನೋಡಿದೆ, ತಲೆಬುಡ ತಿಳಿಯಲಿಲ್ಲ. 1901ರ ಆಟವೂ ಹೀಗೆಯೇ ಇತ್ತೇ?
– ಬಿ.ಎ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಹೀಗೆ ಇರಲಿಲ್ಲ ಮಗಳೇ, ಮತ್ತು ಆ ವ್ಯತ್ಯಾಸ ತಿಳಿಯದಿದ್ದರೆ ಆ ತಂಡದ ಗೆಲುವಿನ ಗುಟ್ಟೂ ತಿಳಿಯುವುದಿಲ್ಲ.

ಆಗಲೂ ಕಡೆಗೆ ಹನ್ನೊಂದು ಜನ, ಮೊಟ್ಟೆಯಾಕಾರದ ಚೆಂಡು. ಮೈದಾನದ ಉದ್ದ 110 ಗಜ, ಈಗ ಗೆರೆಯಿಂದ ಗೆರೆಗೆ 100 ಗಜ. ಚೆಂಡು ಹಿಡಿದ ತಂಡಕ್ಕೆ ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದೆ ಸಾಗಿದರೆ ಸಾಕಿತ್ತು. ಸಾಗಿದರೆ ಮತ್ತೆ ಮೂರು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಈಗ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಸಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀನು ಟಿವಿಯಲ್ಲಿ ಕಂಡ, ಚೆಂಡನ್ನು ಕೈಯಿಂದ ದೂರಕ್ಕೆ ಮುಂದೆ ಎಸೆಯುವ ಫಾರ್ವರ್ಡ್ ಪಾಸ್ ಆಗ ನಿಷಿದ್ಧವಾಗಿತ್ತು. ಚೆಂಡನ್ನು ಎದೆಗವುಚಿಕೊಂಡು ಓಡಬೇಕು, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು, ಇಲ್ಲವೇ ಒದೆಯಬೇಕು. ಚೆಂಡು ಹಿಡಿದವನನ್ನು ಅವನ ಜೊತೆಗಾರರು ಹಿಂದಿನಿಂದ ತಳ್ಳುವುದಕ್ಕೂ ಮುಂದಿನಿಂದ ಎಳೆಯುವುದಕ್ಕೂ ಅವಕಾಶವಿತ್ತು. ಇದರಿಂದ ಆಟವೆಂದರೆ ಬಹುತೇಕ ಒಂದು ಗುಂಪು ಇನ್ನೊಂದು ಗುಂಪಿನ ಮೇಲೆ ಬಿದ್ದು ಒಂದೊಂದೇ ಗಜ ಕಸಿಯುವುದು ಎಂಬಂತಾಗಿತ್ತು.

ಎದುರಾಳಿಯ ಗೆರೆಯಾಚೆ ಚೆಂಡನ್ನು ಊರಿದರೆ ಟಚ್‌ಡೌನ್. ಅದಕ್ಕೆ ಈಗ 6 ಅಂಕ, ಆಗ 5. ಅದರ ನಂತರದ ಒದೆತ ಕಂಬಗಳ ನಡುವೆ ಹೋದರೆ ಇನ್ನೊಂದು ಅಂಕ. ಆಟದ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲಿಗೆ ಈಗ 3, ಆಗ ಟಚ್‌ಡೌನಿನಷ್ಟೇ 5. ತನ್ನದೇ ಗೆರೆಯ ಹಿಂದೆ ಚೆಂಡಿನೊಂದಿಗೆ ಸಿಕ್ಕಿಬಿದ್ದರೆ ಎದುರಾಳಿಗೆ 2 ಅಂಕ, ಇದಕ್ಕೆ ಸೇಫ್ಟಿ ಎನ್ನುತ್ತಾರೆ. ಈ ಕೊನೆಯ ನಿಯಮವನ್ನು ನೆನಪಿಡು, ಕೊನೆಯ ಉತ್ತರದಲ್ಲಿ ಬೇಕಾಗುತ್ತದೆ.

ಇಂಥ ಆಟದಲ್ಲಿ ದೇಹಬಲವೇ ಎಲ್ಲವೂ ಎಂದು ಎಲ್ಲರೂ ನಂಬಿದ್ದಾಗ ಮಿಶಿಗನ್ನಿನ ತರಬೇತುದಾರ ಫೀಲ್ಡಿಂಗ್ ಯೋಸ್ಟ್ ವೇಗವನ್ನು ನೆಚ್ಚಿಕೊಂಡ. ಒಂದು ಪ್ರಯತ್ನ ಮುಗಿದು ಎದುರಾಳಿಗಳು ನೆಲದಿಂದ ಎದ್ದು ಮೈಕೊಡವಿಕೊಳ್ಳುವಷ್ಟರಲ್ಲಿ ಮಿಶಿಗನ್ನಿನ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವ ಆಟಗಾರ, ಬಾಸ್ ವೀಕ್ಸ್ ಮುಂದಿನ ಚಾಲಿನ ಸಂಕೇತಗಳನ್ನು ಕೂಗುತ್ತಿದ್ದ. ‘ಬೇಗ, ಬೇಗ’ ಎಂದು ಸದಾ ಅವಸರಿಸುತ್ತಿದ್ದ ಯೋಸ್ಟ್‌ಗೆ ‘ಹರಿ ಅಪ್’ ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಬದಲಿ ಆಟಗಾರರ ಅನುಕೂಲ ಈಗಿನಂತೆ ಇರದ, ಒಮ್ಮೆ ಹೊರಗೆ ಹೋದವನು ಮರಳಿ ಬರಲಾಗದ ಆ ಕಾಲದಲ್ಲಿ, ಅದೇ ಹನ್ನೊಂದು ಜನ ದಾಳಿಯನ್ನೂ ರಕ್ಷಣೆಯನ್ನೂ ಮಾಡಬೇಕಿತ್ತು. ದಣಿದ ತಂಡವನ್ನು ಇನ್ನಷ್ಟು ದಣಿಸುವುದೇ ಯೋಸ್ಟ್‌ನ ತಂತ್ರ. ದ್ವಿತೀಯಾರ್ಧದಲ್ಲಿ ಮಿಶಿಗನ್ನಿನ ಅಂಕಗಳು ಹೇಗೆ ಏರುತ್ತಿದ್ದವೆಂಬುದಕ್ಕೆ ಪಾಸಡೀನಾದ ಪಂದ್ಯವೇ ಸಾಕ್ಷಿ, ಅದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ: ನಮ್ಮ ಕಡೆ ಊರಿನ ಟೂರ್ನಮೆಂಟು ಬಂತೆಂದರೆ ಊರಿನ ಹೆಸರಿನ ತಂಡದಲ್ಲಿ ಊರಿನವರು ಇಬ್ಬರೋ ಮೂವರೋ, ಉಳಿದವರೆಲ್ಲ ಹೊರಗಿನಿಂದ ಕರೆಸಿದವರು. ಈ ಮಿಶಿಗನ್ ತಂಡದವರು ನಿಜಕ್ಕೂ ಕಾಲೇಜಿನ ವಿದ್ಯಾರ್ಥಿಗಳೇ?
– ನಿವೃತ್ತ ಬ್ಯಾಂಕ್ ನೌಕರರು, ಕುಮಟಾ

ಉತ್ತರ: ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ತಾವು ಹೇಳಿದ ಪದ್ಧತಿ ಧಾರಾಳವಾಗಿಯೇ ಇತ್ತು. ಒಂದು ಶನಿವಾರ ಒಂದು ಕಾಲೇಜಿಗೆ, ಮತ್ತೊಂದು ಶನಿವಾರ ಇನ್ನೊಂದು ಕಾಲೇಜಿಗೆ ಆಡುವ ಅಲೆಮಾರಿ ಆಟಗಾರರ ವಿಷಯದಲ್ಲಿ ಅಲ್ಲಿನ ಪ್ರಾಧ್ಯಾಪಕರು ವರ್ಷಗಟ್ಟಲೆ ತಕರಾರು ಮಾಡಿದ್ದಾರೆ. ಸ್ವತಃ ಯೋಸ್ಟ್‌ನೇ ಇದಕ್ಕೆ ಒಳ್ಳೆಯ ಉದಾಹರಣೆ. 1896ರಲ್ಲಿ ಆತ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಾಗ, ಬಹುಕಾಲದಿಂದ ಸೋಲದೆ ಮೆರೆಯುತ್ತಿದ್ದ ಪೆನ್ಸಿಲ್ವೇನಿಯಾ ತಂಡದ ಎದುರು ಆಡುವ ಹೊತ್ತಿಗೆ ಸರಿಯಾಗಿ ಲಫಾಯೆಟ್ ಕಾಲೇಜಿಗೆ ‘ವರ್ಗಾವಣೆ’ಗೊಂಡು, ಲಫಾಯೆಟ್ 6–4ರಿಂದ ಆ ಪಂದ್ಯ ಗೆದ್ದ ಮೇಲೆ ಮತ್ತೆ ವೆಸ್ಟ್ ವರ್ಜೀನಿಯಾಕ್ಕೆ ಮರಳಿದ. ಅಲ್ಲಿಯೇ ಕಾನೂನು ಪದವಿ ಪಡೆದ. ಇದನ್ನು ಏನೆಂದು ಕರೆಯಬೇಕೆಂಬುದನ್ನು ತಮಗೇ ಬಿಡುತ್ತೇನೆ.

ತರಬೇತುದಾರನಾಗಿಯೂ ಆತ ಒಂದೆಡೆ ನಿಂತವನಲ್ಲ. 1897ರಲ್ಲಿ ಓಹಾಯೊ ವೆಸ್ಲಿಯನ್, 1898ರಲ್ಲಿ ನೆಬ್ರಾಸ್ಕಾ, 1899ರಲ್ಲಿ ಕಾನ್ಸಸ್, 1900ರಲ್ಲಿ ಸ್ಟ್ಯಾನ್‌ಫರ್ಡ್, ಹೀಗೆ ವರ್ಷಕ್ಕೊಂದು ಊರು. ತನ್ನ ಹಳೆಯ ವಿದ್ಯಾರ್ಥಿಗಳೇ ತರಬೇತುದಾರರಾಗಬೇಕೆಂದು ಸ್ಟ್ಯಾನ್‌ಫರ್ಡ್ ನಿರ್ಧರಿಸಿದ್ದರಿಂದ ಅಲ್ಲಿಂದಲೂ ಹೊರಡಬೇಕಾಯಿತು. ಮಿಶಿಗನ್ನಿನ ಕ್ರೀಡಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಬೇರ್ಡ್ ಆತನನ್ನು ಕರೆಸಿಕೊಂಡ. ಬರುವಾಗ ಯೋಸ್ಟ್‌ನ ಹಿಂದೆಯೇ ಕ್ಯಾಲಿಫೋರ್ನಿಯಾದಿಂದ ಬಂದವನು ವಿಲ್ಲಿ ಹೆಸ್ಟನ್. ಸ್ಯಾನ್ ಹೋಸೆಯ ಶಿಕ್ಷಕರ ತರಬೇತಿ ಶಾಲೆಯಲ್ಲಿ ಆಡುತ್ತಿದ್ದ ಈ ಹುಡುಗನನ್ನು ಯೋಸ್ಟ್ ಅಲ್ಲಿಯೇ ಗುರುತಿಸಿದ್ದ. ಮಿಶಿಗನ್ನಿನಲ್ಲಿ ಕಾನೂನು ತರಗತಿಗೆ ಸೇರಿದ ಹೆಸ್ಟನ್ 1901ರಿಂದ 1904ರವರೆಗೆ ಆಡಿದ ನಾಲ್ಕು ಋತುಗಳಲ್ಲಿ ತಂಡ 43 ಪಂದ್ಯ ಗೆದ್ದು, ಒಂದನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲ.

ಹಾಗೆಂದು ತಂಡವೆಲ್ಲ ಹೊರಗಿನವರದೆಂದು ತಿಳಿಯಬಾರದು. ನಾಯಕ ಹ್ಯೂ ವೈಟ್, ಚೆಂಡು ಹಿಡಿದು ನುಗ್ಗುವ ಫುಲ್‌ಬ್ಯಾಕ್ ನೀಲ್ ಸ್ನೋ ಮೊದಲಾದವರು ಯೋಸ್ಟ್ ಬರುವ ಮುಂಚಿನಿಂದಲೂ ಅಲ್ಲಿ ಓದಿ ಆಡುತ್ತಿದ್ದವರು. ಸ್ನೋ ಅಂತೂ ಬೇಸ್‌ಬಾಲ್, ಓಟ–ಜಿಗಿತಗಳಲ್ಲಿಯೂ ಕಾಲೇಜನ್ನು ಪ್ರತಿನಿಧಿಸಿದವನು. ವಿದ್ಯಾರ್ಥಿಗಳೇ ಹೌದು, ಆದರೆ ಆಟಕ್ಕಾಗಿಯೇ ಆ ಕಾಲೇಜನ್ನು ಆರಿಸಿಕೊಂಡವರೂ ಅವರಲ್ಲಿ ಇದ್ದರು ಎಂದರೆ ಹೆಚ್ಚು ಸರಿ.

ಪ್ರಶ್ನೆ: ಮಿಶಿಗನ್ ಎಲ್ಲಿ, ಕ್ಯಾಲಿಫೋರ್ನಿಯಾ ಎಲ್ಲಿ! 1901ರಲ್ಲಿ ಒಂದು ಪಂದ್ಯಕ್ಕಾಗಿ ಅಷ್ಟು ದೂರ ಹೋದರೇ?
– ಓದುಗರು, ಸದಾಶಿವಗಡ

ಉತ್ತರ: ಹೋದರು, ರೈಲಿನಲ್ಲಿ. ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ, ಹಲವು ದಿನಗಳ ಪ್ರಯಾಣ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕಾರವಾರಕ್ಕೆ ಆಗ ದೂರದಿಂದ ಬರುವವರು ಹಡಗನ್ನೇ ನೆಚ್ಚಬೇಕಿತ್ತು, ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅಮೆರಿಕದಲ್ಲಾದರೋ ಎರಡೂ ಸಾಗರಗಳನ್ನು ಕೂಡಿಸುವ ರೈಲುಮಾರ್ಗ 1869ರಲ್ಲಿಯೇ ಸಿದ್ಧವಾಗಿತ್ತು. ಆ ಹಳಿಗಳಿಲ್ಲದಿದ್ದರೆ ಕಾಲೇಜು ಫುಟ್‌ಬಾಲ್ ಒಂದೊಂದು ರಾಜ್ಯದೊಳಗೇ ಉಳಿದುಬಿಡುತ್ತಿತ್ತು.

ಪ್ರಶ್ನೆ: ಸ್ಟ್ಯಾನ್‌ಫರ್ಡ್ ವಿರುದ್ಧದ ಪಂದ್ಯವನ್ನು ಅವಧಿ ಮುಗಿಯುವ ಮುಂಚೆಯೇ ನಿಲ್ಲಿಸಲಾಯಿತೆಂದು ಎಲ್ಲಿಯೋ ಓದಿದೆ. ಗಲಾಟೆಯಾಯಿತೇ? ವಿವರವಾಗಿ ತಿಳಿಸಿ.
– ಪ್ರೌಢಶಾಲಾ ಶಿಕ್ಷಕರು, ಅಂಕೋಲಾ

ಉತ್ತರ: ಗಲಾಟೆಯಾಗಲಿಲ್ಲ, ಸೋಲುತ್ತಿದ್ದವರೇ ಸಾಕೆಂದರು.

ಪಾಸಡೀನಾದ ಗಣ್ಯರ ಕೂಟವೊಂದು 1890ರಿಂದ ಪ್ರತಿ ಜನವರಿ 1ರಂದು ಗುಲಾಬಿ ಉತ್ಸವ ನಡೆಸುತ್ತಿತ್ತು. ಪೂರ್ವದ ರಾಜ್ಯಗಳೆಲ್ಲ ಹಿಮದಲ್ಲಿ ಹೂತಿರುವಾಗ ತಮ್ಮಲ್ಲಿ ಹೂವು ಅರಳುತ್ತದೆಂದು ಲೋಕಕ್ಕೆ ತೋರಿಸುವುದೇ ಅದರ ಉದ್ದೇಶ. ಹೂವಿನ ಗಾಡಿಗಳ ಮೆರವಣಿಗೆಗೆ ಜನ ಬರುತ್ತಿದ್ದರಾದರೂ ಇನ್ನೂ ಹೆಚ್ಚಿನ ಆಕರ್ಷಣೆ ಬೇಕೆಂದು 1902ರಲ್ಲಿ ಪೂರ್ವ–ಪಶ್ಚಿಮ ಫುಟ್‌ಬಾಲ್ ಪಂದ್ಯವೊಂದನ್ನು ಸೇರಿಸಿದರು. ಪಶ್ಚಿಮದ ಪರವಾಗಿ ಸ್ಟ್ಯಾನ್‌ಫರ್ಡ್, ಪೂರ್ವದ ಪರವಾಗಿ ಮಿಶಿಗನ್. ಹಿಂದಿನ ವರ್ಷ ತಮ್ಮಿಂದ ಬೀಳ್ಕೊಂಡ ತರಬೇತುದಾರನೇ ಎದುರಾಳಿಗಳನ್ನು ಕರೆದುಕೊಂಡು ಬರುವುದನ್ನು ಸ್ಟ್ಯಾನ್‌ಫರ್ಡಿನ ಹುಡುಗರು ನೋಡಬೇಕಾಯಿತು. ಸುಮಾರು ಎಂಟು ಸಾವಿರ ಜನ ಸೇರಿದ್ದರು.

ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ಗಟ್ಟಿಯಾಗಿಯೇ ನಿಂತಿತು. ಬಹಳ ಹೊತ್ತಿನವರೆಗೆ ಯಾರಿಗೂ ಅಂಕವಿಲ್ಲ. ಮಧ್ಯಂತರದ ವೇಳೆಗೆ ಮಿಶಿಗನ್ 17. ಬಿಡುವಿನ ನಂತರ, ಮೇಲೆ ಹೇಳಿದ ವೇಗದ ತಂತ್ರ ಫಲ ಕೊಡತೊಡಗಿತು. ದಣಿದ ಎದೆಗಳ ಮೇಲೆ ನೀಲ್ ಸ್ನೋ ಮತ್ತೆ ಮತ್ತೆ ನುಗ್ಗಿದ. ಐದು ಟಚ್‌ಡೌನ್ ಅವನವೇ, ಕರ್ಟಿಸ್ ರೆಡ್ಡನ್ ಎರಡು, ಆಲ್ಬರ್ಟ್ ಹರ್ನ್‌ಸ್ಟೈನ್ ಒಂದು. ಎಂಟು ಟಚ್‌ಡೌನ್‌ಗಳಿಗೆ 40, ಎವರೆಟ್ ಸ್ವೀಲಿಯ ಫೀಲ್ಡ್ ಗೋಲಿಗೆ 5, ಟಚ್‌ಡೌನ್ ನಂತರ ಬ್ರೂಸ್ ಶಾರ್ಟ್ಸ್ ಗುರಿ ಮುಟ್ಟಿಸಿದ ನಾಲ್ಕು ಒದೆತಗಳಿಗೆ 4, ಒಟ್ಟು 49. ಈಗಿನ ಲೆಕ್ಕದಲ್ಲಿ ಇದೇ ಆಟಕ್ಕೆ 55 ಅಂಕವಾಗುತ್ತಿತ್ತು. ಮಿಶಿಗನ್ ಇಡೀ ಪಂದ್ಯವನ್ನು ಅದೇ ಹನ್ನೊಂದು ಜನರಲ್ಲಿ ಮುಗಿಸಿತು, ಒಬ್ಬನೂ ಬದಲಾಗಲಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ ಗಾಯಾಳುಗಳು ಹೆಚ್ಚುತ್ತಲೇ ಹೋದರು. ಇನ್ನೂ ಎಂಟು ನಿಮಿಷದಷ್ಟು ಆಟ ಉಳಿದಿರುವಾಗ ಅವರ ನಾಯಕ ರಾಲ್ಫ್ ಫಿಶರ್, ಹ್ಯೂ ವೈಟ್‌ನ ಬಳಿಗೆ ಬಂದು ತಮ್ಮ ಒಪ್ಪಿಗೆ ಇದ್ದರೆ ಇಲ್ಲಿಗೇ ಮುಗಿಸೋಣವೆಂದ. ವೈಟ್ ಒಪ್ಪಿದ. ಇದರಲ್ಲಿ ಅವಮಾನವೇನೂ ನನಗೆ ಕಾಣುವುದಿಲ್ಲ. ತನ್ನ ಹುಡುಗರ ಮೂಳೆ ಉಳಿಸಿದ ಫಿಶರ್‌ನದೇ ಆ ದಿನದ ಅತ್ಯಂತ ವಿವೇಕದ ನಿರ್ಧಾರ.

ಆದರೆ ಉತ್ಸವದವರಿಗೆ ಇದು ಹಿಡಿಸಲಿಲ್ಲ. ಇಷ್ಟು ಏಕಪಕ್ಷೀಯವಾದ ಪಂದ್ಯವನ್ನು ನೋಡಲು ಮುಂದಿನ ವರ್ಷ ಯಾರು ಬಂದಾರು ಎಂದು ಫುಟ್‌ಬಾಲನ್ನೇ ಕೈಬಿಟ್ಟರು. 1904ರಿಂದ 1915ರವರೆಗೆ ಅದರ ಬದಲು ರೋಮನ್ನರ ಮಾದರಿಯ ರಥಗಳ ಓಟ ನಡೆಸಿದರು. ಫುಟ್‌ಬಾಲ್ ಮರಳಿದ್ದು 1916ರಲ್ಲಿ. ಇಂದು ರೋಸ್ ಬೌಲ್ ಎಂದು ಪ್ರಸಿದ್ಧವಾಗಿರುವುದು ಇದೇ ಪಂದ್ಯ, ಆ ಹೆಸರಿನ ಕ್ರೀಡಾಂಗಣ ಕಟ್ಟಿದ್ದು 1922ರಲ್ಲಿ. ಮಿಶಿಗನ್ ಮತ್ತೆ ಅಲ್ಲಿಗೆ ಹೋದದ್ದು 1948ರ ಜನವರಿ 1ರಂದು. ಸದರ್ನ್ ಕ್ಯಾಲಿಫೋರ್ನಿಯಾ ತಂಡವನ್ನು ಸೋಲಿಸಿತು, ಅಂಕ ಮತ್ತೆ 49–0.

ಪ್ರಶ್ನೆ: ಆಗ ಹೆಲ್ಮೆಟ್ ಇತ್ತೇ?
– ಓದುಗರು, ಭಟ್ಕಳ

ಉತ್ತರ: ಚರ್ಮದ ತಲೆಗವಚ ಇತ್ತು, ಬೇಕಾದವರು ಹಾಕಿಕೊಳ್ಳುತ್ತಿದ್ದರು, ಬೇಡವಾದವರು ಬರಿತಲೆಯಲ್ಲಿ ಆಡುತ್ತಿದ್ದರು. ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1939ರಲ್ಲಿ.

ಪ್ರಶ್ನೆ: ಮಿಶಿಗನ್ ಸೋಲಿಸಿದ ಕಾರ್ಲೈಲ್ ತಂಡ ಮೂಲನಿವಾಸಿಗಳ ಶಾಲೆಯದೆಂದು ಕೇಳಿದ್ದೇನೆ. ಅದು ನಿಜವೇ?
– ಸಮಾಜಶಾಸ್ತ್ರದ ಸಂಶೋಧಕಿ, ಯಲ್ಲಾಪುರ

ಉತ್ತರ: ನಿಜ. ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ 1879ರಲ್ಲಿ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಆರಂಭಿಸಿದ ವಸತಿ ಶಾಲೆ ಅದು. ಅಮೆರಿಕದ ನಾನಾ ಬುಡಕಟ್ಟುಗಳ ಮಕ್ಕಳನ್ನು ಅವರ ನೆಲದಿಂದ ಸಾವಿರಾರು ಮೈಲಿ ದೂರ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡದಂತೆ ತಡೆದು ‘ನಾಗರಿಕ’ರನ್ನಾಗಿಸುವುದು ಅದರ ಗುರಿಯಾಗಿತ್ತು. ಎಷ್ಟೋ ಮಕ್ಕಳು ಅಲ್ಲಿಯೇ ತೀರಿಕೊಂಡರು, ಅವರಲ್ಲಿ ಹಲವರ ಸಮಾಧಿಗಳು ಇಂದಿಗೂ ಅಲ್ಲಿವೆ. ಅಂಥ ಶಾಲೆಯ ಹುಡುಗರೇ ಆ ಕಾಲದ ಅತ್ಯಂತ ಚತುರ ಫುಟ್‌ಬಾಲ್ ತಂಡಗಳಲ್ಲೊಂದನ್ನು ಕಟ್ಟಿದರು. ಅವರಿಗೆ ದೊಡ್ಡ ಮೈಕಟ್ಟಿರಲಿಲ್ಲ, ಆದ್ದರಿಂದ ವೇಗ ಮತ್ತು ಉಪಾಯಗಳನ್ನೇ ನೆಚ್ಚಿದರು. ಡೆಟ್ರಾಯ್ಟ್‌ನಲ್ಲಿ 1901ರ ನವೆಂಬರ್ 2ರಂದು ಮಿಶಿಗನ್ನಿಗೆ 22–0ರಿಂದ ಸೋತ ಈ ಶಾಲೆ, ಹೆಸರಾಂತ ಆಟಗಾರ ಜಿಮ್ ಥಾರ್ಪ್ ಆಡುತ್ತಿದ್ದ 1911ರಲ್ಲಿ ಹಾರ್ವರ್ಡನ್ನು 18–15ರಿಂದ ಸೋಲಿಸಿತು.

ತಮ್ಮ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಸಂಗತಿ ಹೇಳಬೇಕು. ಮಿಶಿಗನ್ ತಂಡದಲ್ಲಿ 1890ರಲ್ಲಿಯೇ ಜಾರ್ಜ್ ಜ್ಯೂವೆಟ್ ಎಂಬ ಕಪ್ಪು ಆಟಗಾರನಿದ್ದ. ಯೋಸ್ಟ್ ತರಬೇತುದಾರನಾಗಿದ್ದ ಎರಡು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಕಪ್ಪು ಆಟಗಾರ ಒಬ್ಬನಿಗೂ ತಂಡವನ್ನು ಪ್ರತಿನಿಧಿಸುವ ಗೌರವ ಸಿಗಲಿಲ್ಲ. 1934ರಲ್ಲಿ, ಯೋಸ್ಟ್ ಕ್ರೀಡಾ ನಿರ್ದೇಶಕನಾಗಿದ್ದಾಗ, ದಕ್ಷಿಣದ ಜಾರ್ಜಿಯಾ ಟೆಕ್ ತಂಡದ ಮರ್ಜಿ ಕಾಯಲೆಂದು ವಿಲ್ಲಿಸ್ ವಾರ್ಡ್ ಎಂಬ ಕಪ್ಪು ಆಟಗಾರನನ್ನು ಆ ಪಂದ್ಯದಿಂದ ಹೊರಗಿಡಲಾಯಿತು. 550ರ ಜೊತೆಗೆ ಇದೂ ಆ ಮನುಷ್ಯನ ದಾಖಲೆಯಲ್ಲಿದೆ.

ಪ್ರಶ್ನೆ: ಇಷ್ಟು ಒರಟಾದ ಆಟದಲ್ಲಿ ಸಾವುಗಳಾಗಲಿಲ್ಲವೇ? ಸರ್ಕಾರ ಸುಮ್ಮನಿತ್ತೇ?
– ವೈದ್ಯರು, ಸಿದ್ದಾಪುರ

ಉತ್ತರ: ಆಗಿದ್ದವು, ಅದೇ ಋತುವಿನಲ್ಲಿಯೇ. 1901ರ ಅಕ್ಟೋಬರ್ ಕೊನೆಯಲ್ಲಿ ವೆಸ್ಟರ್ನ್ ರಿಸರ್ವ್ ತಂಡದೆದುರು ಆಡುವಾಗ ಪೆಟ್ಟಾಗಿ ಓಹಾಯೊ ಸ್ಟೇಟ್ ತಂಡದ ಜಾನ್ ಸೀಗ್ರಿಸ್ಟ್ ಎಂಬ ಆಟಗಾರ ಸತ್ತ. ಆಟವನ್ನೇ ನಿಲ್ಲಿಸಬೇಕೇ ಎಂಬ ಚರ್ಚೆ ಆ ಕಾಲೇಜಿನಲ್ಲಿ ನಡೆಯಿತು. ಕೊನೆಗೆ ಮುಂದುವರಿಸುವುದೆಂದಾಗಿ, ಎರಡೇ ವಾರಗಳ ನಂತರ ಅವರು ಮಿಶಿಗನ್ನಿನ ಎದುರು ಮೈದಾನಕ್ಕಿಳಿದರು. ಮೇಲಿನ ಪಟ್ಟಿಯ 21–0 ಆ ಪಂದ್ಯದ್ದು. ಋತುವಿನಲ್ಲಿ ಮಿಶಿಗನ್ನಿಗೆ ಸಿಕ್ಕ ಅತಿ ಕಡಿಮೆ ಅಂಕವೂ ಅದೇ. ಜೊತೆಗಾರನನ್ನು ಮಣ್ಣು ಮಾಡಿ ಬಂದ ಹುಡುಗರು ಅಷ್ಟು ಬಿಗಿಯಾಗಿ ನಿಂತದ್ದನ್ನು ಓದಿದಾಗ ನನಗೆ ಗೆದ್ದವರಿಗಿಂತ ಅವರ ಮೇಲೆಯೇ ಹೆಚ್ಚು ಗೌರವ ಮೂಡಿತು.

ವಿಷಯ ಕೈಮೀರಿದ್ದು 1905ರಲ್ಲಿ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಶುದ್ಧಗೊಳಿಸುವಂತೆ ಹೇಳಿದ. ಆತ ಆಟದ ದ್ವೇಷಿಯಲ್ಲ, ಅಭಿಮಾನಿ. ಉಳಿಸಲೆಂದೇ ಗದರಿಸಿದ. ನವೆಂಬರ್ 25ರಂದು ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತಾಗ, ನ್ಯೂಯಾರ್ಕಿನ ಕುಲಾಧಿಪತಿ ಹೆನ್ರಿ ಮೆಕ್‌ಕ್ರ್ಯಾಕನ್ ಕಾಲೇಜುಗಳ ಸಭೆಯನ್ನೇ ಕರೆದರು. ಡಿಸೆಂಬರಿನಲ್ಲಿ 62 ಕಾಲೇಜುಗಳು ಸೇರಿ ಕಟ್ಟಲು ಹೊರಟ ಸಂಘವೇ 1910ರಲ್ಲಿ ಎನ್‌ಸಿಎಎ (ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ) ಎಂಬ ಹೆಸರು ಪಡೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಪಶ್ಚಿಮದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾಗಳು ರಗ್ಬಿಗೆ ತಿರುಗಿದವು.

ನಿಯಮಗಳೂ ಬದಲಾದವು. 1906ರಲ್ಲಿ ಫಾರ್ವರ್ಡ್ ಪಾಸ್ ಕಾನೂನುಬದ್ಧವಾಯಿತು, ಎರಡು ತಂಡಗಳ ಸಾಲುಗಳ ನಡುವೆ ಚೆಂಡಿನುದ್ದದ ಖಾಲಿ ಜಾಗ ಕಡ್ಡಾಯವಾಯಿತು, ಮೂರು ಪ್ರಯತ್ನಗಳಲ್ಲಿ ಐದು ಗಜದ ಬದಲು ಹತ್ತು ಗಜ ಸಾಗಬೇಕಾಯಿತು. ಗುಂಪಾಗಿ ತಳ್ಳಿ ಎರಡೆರಡು ಗಜ ಕಸಿಯುವವರಿಗೆ ಹತ್ತು ಗಜ ದೂರವಾಗಿ, ಆಟ ಅಗಲಕ್ಕೆ ಹರಡಿಕೊಂಡಿತು. ಆ ವರ್ಷ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರ್ಯಾಡ್‌ಬರಿ ರಾಬಿನ್‌ಸನ್ ಮೊದಲ ಕಾನೂನುಬದ್ಧ ಪಾಸ್ ಎಸೆದ. ಸಾವುಗಳು ಒಮ್ಮೆಗೇ ನಿಲ್ಲಲಿಲ್ಲ. ಹಿಂದಿನಿಂದ ತಳ್ಳುವುದನ್ನು 1910ರಲ್ಲಿ ನಿಷೇಧಿಸಿದ ಮೇಲೂ ಸುಧಾರಣೆ ನಡೆಯುತ್ತಲೇ ಬಂತು.

ಪ್ರಶ್ನೆ: ಮಿಶಿಗನ್ ಮತ್ತು ಮಿನೆಸೋಟಾ ತಂಡಗಳು ಹೂಜಿಯೊಂದಕ್ಕಾಗಿ ಸೆಣಸುತ್ತವೆ ಎಂಬುದು ತಮಾಷೆಯೋ ನಿಜವೋ?
– ಓದುಗರು, ಹಳಿಯಾಳ

ಉತ್ತರ: ಪೂರ್ತಿ ನಿಜ. 1903ರ ಅಕ್ಟೋಬರ್ 31ರಂದು ಮಿನೆಸೋಟಾದ ಮಿನಿಯಾಪೊಲಿಸ್‌ನಲ್ಲಿ ಆಡಲು ಹೋದಾಗ ಯೋಸ್ಟ್, ಅಲ್ಲಿಯವರು ಕೊಟ್ಟ ನೀರಿನಲ್ಲಿ ಏನಾದರೂ ಬೆರೆಸಿಯಾರೆಂದು ಶಂಕಿಸಿ, ಊರಿನ ಅಂಗಡಿಯಿಂದ ನೀರಿನ ಹೂಜಿಯೊಂದನ್ನು ತರಿಸಿದ. ಬೆಲೆ 30 ಸೆಂಟ್. ಪಂದ್ಯ 6–6ರಲ್ಲಿ ಸಮವಾದಾಗ ಮಿನೆಸೋಟಾದ ಜನ ಮೈದಾನಕ್ಕೆ ನುಗ್ಗಿದರು, ಗಡಿಬಿಡಿಯಲ್ಲಿ ಹೂಜಿ ಅಲ್ಲೇ ಉಳಿಯಿತು. ಅಲ್ಲಿನ ನೌಕರ ಆಸ್ಕರ್ ಮನ್ಸನ್‌ಗೆ ಅದು ಸಿಕ್ಕಿತು. ಬೇಕಿದ್ದರೆ ಬಂದು ಗೆದ್ದುಕೊಂಡು ಹೋಗಿ ಎಂದು ಮಿನೆಸೋಟಾದವರು ಹೇಳಿದರು. 1909ರಲ್ಲಿ ಮಿಶಿಗನ್ ಹೋಗಿ ಗೆದ್ದು ತಂದಿತು. ಅಂದಿನಿಂದ ಎರಡು ಕಡೆಗೂ ಓಡಾಡುತ್ತಿರುವ ಆ ಹೂಜಿಗೆ ಈಗ ಚಿನ್ನದ ಕಪ್ಪುಗಳಿಗಿಂತ ಹೆಚ್ಚು ಮಾನ.

ಪ್ರಶ್ನೆ: ಕೊನೆಗೆ ಈ ತಂಡ ಸೋತದ್ದು ಯಾವಾಗ, ಯಾರಿಗೆ?
– ಪದವಿಪೂರ್ವ ವಿದ್ಯಾರ್ಥಿ, ಕಾರವಾರ

ಉತ್ತರ: ಮೊದಲ ಅಂಕ ಬಿಟ್ಟುಕೊಟ್ಟದ್ದು 1902ರಲ್ಲಿ, ಕೇಸ್ ತಂಡಕ್ಕೆ. ಪಂದ್ಯವನ್ನೇನೋ 48–6ರಿಂದ ಗೆದ್ದರು. ಸೋಲಿಗಾಗಿ ಇನ್ನೂ ಮೂರು ವರ್ಷ ಕಾಯಬೇಕಾಯಿತು. 1901ರಿಂದ 1905ರವರೆಗಿನ 57 ಪಂದ್ಯಗಳಲ್ಲಿ 55 ಗೆಲುವು, ಒಂದು ಸಮ, ಒಂದೇ ಸೋಲು. ಆ ಸೋಲು 57ನೆಯ ಪಂದ್ಯದಲ್ಲಿ, 1905ರ ನವೆಂಬರ್ 30ರಂದು, ಸ್ಟ್ಯಾಗ್‌ನ ಚಿಕಾಗೋ ತಂಡದ ಕೈಯಲ್ಲಿ. ಎರಡೂ ಕಡೆ ಗೆರೆ ದಾಟಲಾಗದೆ ಆಟ ಸಾಗುತ್ತಿದ್ದಾಗ, ಚಿಕಾಗೋದ ವಾಲ್ಟರ್ ಎಕರ್‌ಸಾಲ್ ಒದ್ದ ಚೆಂಡು ಮಿಶಿಗನ್ನಿನ ಗೆರೆಯ ಹಿಂದೆ ಬಿತ್ತು. ಅಲ್ಲಿಯೇ ಊರಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹಿಡಿದ ಹುಡುಗ ಓಡಿ ಹೊರಬರಲು ನೋಡಿದ, ಚಿಕಾಗೋದವರು ಅವನನ್ನು ಹಿಡಿದು ಗೆರೆಯ ಹಿಂದಕ್ಕೆ ಕೆಡವಿದರು. ಸೇಫ್ಟಿಯ ಎರಡೇ ಎರಡು ಅಂಕ, 2–0.